ನೀರಿನಡಿಯ ಹೊಳೆಯ ದಡ

ಕುಕ್ ನದಿ ಸಮುದ್ರ ಸೇರಿದ ಮೇಲೂ ಮುಗಿಯುವುದಿಲ್ಲ ಎಂಬುದು ಉತ್ತರದ ಹಿಮಸಮುದ್ರದ ದಡದಲ್ಲಿರುವ ಆ ಊರಿನ ಮಕ್ಕಳಿಗೂ ಗೊತ್ತು. ಸಮುದ್ರ ಇಷ್ಟು ಮುಂದೆ ಬಾರದಿದ್ದ ಕಾಲದಲ್ಲಿ ಅದು ಹರಿದ ಕಣಿವೆ ನೀರಿನಡಿ ಇನ್ನೂ ಹಾಗೇ ಇದೆ. ಆದರೆ ಆ ಕಣಿವೆ ಎಲ್ಲಿ ತಿರುಗುತ್ತದೆ, ಅದರ ದಡ ಎಲ್ಲಿ ಎಂದು ಬೆರಳಿನಲ್ಲೇ ಬಲ್ಲವಳು ಅಗ್ನಸಗ್ಗ ಒಬ್ಬಳೇ.

ವಸಂತದಲ್ಲಿ ತಿಮಿಂಗಿಲದ ಬೇಟೆಗೆ ಹೆಪ್ಪುಗಟ್ಟಿದ ಸಮುದ್ರದ ಮೇಲೆ ಗುಡಾರ ಹಾಕುವ ಮುನ್ನ ಅವಳನ್ನು ಕರೆಯುತ್ತಿದ್ದರು. ಮಂಜುಗಡ್ಡೆ ಒತ್ತರಿಸಿ ಎದ್ದ ದಿಬ್ಬದ ಬುಡದ ಬಿರುಕಿನಲ್ಲಿ ಅವಳು ಸೀಸದ ಗುಂಡು ಕಟ್ಟಿದ ದಾರ ಇಳಿಬಿಡುವಳು. ಗುಂಡು ಜಲ್ಲಿಗೆ ತಾಗಿದರೆ ಅಡಿಯಲ್ಲಿ ಹಳೆಯ ದಡ. ನೀರು ಆಳವಿಲ್ಲ, ದಿಬ್ಬ ತಳ ಊರಿ ಕೂತಿದೆ. ಕೆಸರಿಗೆ ಇಳಿದರೆ ಅಡಿಯಲ್ಲಿ ಕಣಿವೆ. ದಿಬ್ಬ ಎಷ್ಟೇ ದೊಡ್ಡದಿರಲಿ, ತೇಲುತ್ತಿದೆ. ಗಾಳಿ ತಿರುಗಿದರೆ ಮೇಲಿದ್ದವರನ್ನೂ ಹೊತ್ತುಕೊಂಡು ಹೋಗುತ್ತದೆ. ಹಾಗೆ ಹೋದವರಲ್ಲಿ ಅವಳ ಗಂಡನೂ ಒಬ್ಬ. ಅವಳು ದಾರ ಹಿಡಿದದ್ದೇ ಅದಾದ ಮೇಲೆ. ನೀರಿನ ಸೆಳೆತಕ್ಕೆ ದಾರ ಓರೆಯಾಗುವುದರಿಂದ ಅಳತೆಯನ್ನು ನಂಬುವಂತಿಲ್ಲ, ಬೆರಳೇ ಗತಿ. ಮೂವತ್ತು ವಸಂತಗಳಲ್ಲಿ ಅವಳ ಮಾತು ಒಮ್ಮೆಯೂ ಹುಸಿಯಾಗಲಿಲ್ಲ. ಆ ಬಗ್ಗೆ ಅವಳಿಗೆ ಸಣ್ಣ ಜಂಬವೂ ಇತ್ತು, ಇರಲಿ ಬಿಡಿ, ಇರಬೇಕಾದ್ದೇ.

ಈ ವರ್ಷ ದೋಣಿಯ ಯಜಮಾನ, ಅವಳ ತಮ್ಮ ಎಕಾಕ್, ಪಕ್ಕದಲ್ಲೇ ನಿಂತಿದ್ದ. ದಾರ ಇಳಿಯಿತು, ಸಡಿಲವಾಯಿತು. ತಾಗಿದ್ದು ಜಲ್ಲಿಯೋ ಕೆಸರೋ, ಮುದಿ ಬೆರಳುಗಳು ಮರದ ಕೊರಡಿನಂತೆ ಸುಮ್ಮನಿದ್ದವು.

"ಏನಕ್ಕಾ, ಕೂತಿದ್ಯಾ?"

"ಕೂತಿದೆ. ಹಾಕ್ಕೊಳ್ಳಿ," ಎಂದುಬಿಟ್ಟಳು.

ಮನೆಗೆ ಬಂದು ಚಹಾ ಕಾಸಿದಳು. ಲೋಟದ ಬಿಸಿ ಕೈಗೆ ತಿಳಿಯದೆ ತುಟಿ ಸುಟ್ಟುಕೊಂಡಳು. ಬೆರಳು ಸತ್ತದ್ದಕ್ಕೆ ದುಃಖವಾಯಿತು. ಸುಳ್ಳಾಡಿದ್ದು ನೆನಪಾಗಿ ಚಹಾ ಅಲ್ಲೇ ಬಿಟ್ಟು ಎದ್ದಳು. ತುಪ್ಪಳದ ಅಂಗಿ ತೊಟ್ಟು ಮತ್ತೆ ಮಂಜಿನ ಮೇಲೆ ನಡೆದಳು.

ಗುಡಾರದಲ್ಲಿ ಎಂಟು ಜನ ಸೀಲ್ ಮಾಂಸ ಬೇಯಿಸುತ್ತ ಕೂತಿದ್ದರು. ಈಟಿಗಾರ ಕಯುತಾಕ್ ನಕ್ಕ.

"ಬನ್ನಿ ಅಜ್ಜೀ, ವಾಸನೆ ಊರವರೆಗೂ ಬಂತಾ?"

"ಬಾಯಿ ಮುಚ್ಕೊಂಡು ಕೇಳು. ನಾನು ಹೇಳಿದ್ದು ಸುಳ್ಳು ಕಣ್ರೋ. ಬೆರಳಿಗೆ ಏನೂ ತಿಳೀಲಿಲ್ಲ. ಕೆಳಗಡೆ ದಡ ಇದ್ಯೋ ಹೊಳೆ ಇದ್ಯೋ, ನಂಗೊತ್ತಿಲ್ಲ."

"ಈಗ ಹೇಳ್ತೀರಾ! ಮನೆ ಇದ್ದಂಗಿದೆ ದಿಬ್ಬ, ಇದೆಲ್ಲೋಗತ್ತೆ?"

"ನಮ್ಮನೆಯವ್ರೂ ಹಂಗೇ ಅಂದಿದ್ರು."

ಎಕಾಕ್ ಎದ್ದು ಹೊರಗೆ ಹೋಗಿ ಗೂಟ ಕೀಳತೊಡಗಿದ. ಗುಡಾರ ಅರ್ಧ ಮಡಿಸುವಷ್ಟರಲ್ಲಿ ಎದುರಿನ ತೆರೆದ ನೀರಿನಲ್ಲಿ, ಉಸಿರು ಕೇಳಿಸುವಷ್ಟು ಹತ್ತಿರ, ತಿಮಿಂಗಿಲವೊಂದು ಎದ್ದಿತು. ಆ ವರ್ಷದ ಮೊದಲನೆಯದು. ಕಯುತಾಕ್ ಈಟಿಗೆ ಕೈ ಹಾಕಿದ.

"ಬಿಡೋ," ಎಂದ ಎಕಾಕ್.

"ಯಜಮಾನ್ರೇ, ಇಲ್ಲೇ ಇದೆ! ಒಂದೇ ಏಟು!"

"ನಂಗೂ ಕಣ್ಣಿದೆ. ಹೊಡೆದ್ರೆ ಮೇಲೆಳೆದು ಕೊಯ್ಯೋವರೆಗೂ ಇಲ್ಲೇ ಇರ್ಬೇಕು. ಅಕ್ಕ ಗೊತ್ತಿಲ್ಲ ಅಂದ್ಲಲ್ಲ. ಹಗ್ಗ ಸುತ್ತು."

ತಿಮಿಂಗಿಲ ಇನ್ನೆರಡು ಸಲ ಉಸಿರು ಬಿಟ್ಟು ಉತ್ತರಕ್ಕೆ ಹೋಯಿತು. ಎಂಟು ಜನರೂ ಒಂದು ಗಳಿಗೆ ಅದನ್ನೇ ನೋಡಿ, ಮತ್ತೆ ಕೆಲಸಕ್ಕೆ ಬಗ್ಗಿದರು. ಅವಳನ್ನು ಯಾರೂ ಒಂದು ಮಾತು ಅನ್ನಲಿಲ್ಲ. ಅಗ್ನಸಗ್ಗಳಿಗೆ ಅಳು ಬಂತು. ಸುಮ್ಮನೆ ನಿಂತಿರಲಾರದೆ ಒಂದು ಹಗ್ಗದ ಗಂಟು ಹಿಡಿದಳು, ಬೆರಳಿಗೆ ಬಗ್ಗಲಿಲ್ಲ. ಮಂಡಿಯೂರಿ ಅದನ್ನು ಹಲ್ಲಿನಿಂದ ಬಿಚ್ಚಿದಳು.