ಹುಣಸೆಬೀಜದ ರೊಟ್ಟಿಗೆ ಬಾದಾಮಿ ಹಾಕಿದವರು

ಶರಣವ್ವನಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಒಂದೇ ಸಲ. ಅದು ಕೊನೆಯವರೆಗೂ ಇಳಿಯಲಿಲ್ಲ ಎನ್ನುವುದು ಬೇರೆ ಮಾತು. ಇಳಿಯಬೇಕಾಗಿಯೂ ಇರಲಿಲ್ಲ.

ಅಮೆರಿಕದ ಸಾಂಟಾ ಕ್ಲಾರಾದ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಲ್ಲಿ ಇಂದು ಎಂಬ ಆಕೆಯ ಮಗಳು ಡೇಕೇರ್ ನಡೆಸುತ್ತಿದ್ದಳು. ಆರು ಮಕ್ಕಳ ಅಡುಗೆ ಶರಣವ್ವನ ಪಾಲಿನದು. ಗದಗಿನ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಮೂವತ್ತು ವರ್ಷ ಒಲೆಯ ಮುಂದೆ ನಿಂತವಳಿಗೆ ಅದು ಕೆಲಸವೇ ಅಲ್ಲ. ಹೂಕೋಸಿನ ದಂಟು, ಕಲ್ಲಂಗಡಿ ಸಿಪ್ಪೆಯ ಒಳಗಿನ ಬಿಳಿ ಭಾಗ, ಬಸಿದ ಗಂಜಿ, ಯಾವುದನ್ನೂ ಎಸೆಯುತ್ತಿರಲಿಲ್ಲ. ಎಲ್ಲವೂ ಪಲ್ಯವೋ ಸಾರೋ ಆಗುತ್ತಿತ್ತು, ರುಚಿಯಾಗಿಯೇ ಆಗುತ್ತಿತ್ತು. ನಾನೂ ಸಂಜೆ ಆಫೀಸಿನಿಂದ ಬರುವಾಗ ಒಂದು ಡಬ್ಬಿ ಹಿಡಿದುಕೊಂಡೇ ಮೇಲೆ ಹತ್ತುತ್ತಿದ್ದೆ.

ನನ್ನ ಎದುರು ಮನೆಯಲ್ಲಿ ಸಂದೇಶ್ ಇದ್ದ. ಉಡುಪಿಯ ಹುಡುಗ, ಮೂವತ್ತು ದಾಟಿರಲಿಲ್ಲ. ಅಡುಗೆಯ ವೆಬ್‌ಸೈಟ್ ಕಟ್ಟುತ್ತಿದ್ದ ಒಂದು ಹೊಸ ಕಂಪನಿಯಲ್ಲಿ ಕೆಲಸ. ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಒಂದು ದಿನ ಶರಣವ್ವನ ಕಲ್ಲಂಗಡಿ ಸಿಪ್ಪೆ ಪಲ್ಯ ತಿಂದವನು ಅವಳ ಬೆನ್ನು ಬಿಡಲಿಲ್ಲ.

“ಅಜ್ಜಿ, ಇದನ್ನೆಲ್ಲ ಎಲ್ಲಿ ಕಲಿತದ್ದು ನೀವು?”

“ಯುದ್ಧದ ಕಾಲದಾಗ, ತಮ್ಮಾ. ಕಂಟ್ರೋಲ್ ಅಂಗಡಿ ಮುಂದ ಪಾಳಿ ನಿಂತು.”

ಮೂರು ಭಾನುವಾರ ಟೇಪ್ ರೆಕಾರ್ಡರ್ ತಂದು ಅವಳ ಮುಂದೆ ಇಟ್ಟ. ಒಂದು ಭಾನುವಾರ ನಾನೂ ಅಲ್ಲಿದ್ದೆ. ಬೆಟಗೇರಿಯ ನೇಕಾರರ ಮನೆ ಅವರದು. ಎರಡನೆಯ ಮಹಾಯುದ್ಧದಿಂದಾಗಿ ನೂಲು ಬರುವುದು ನಿಂತು ಮಗ್ಗ ಸುಮ್ಮನಾಯಿತು. ಅಪ್ಪ ಕೂಲಿ ಹುಡುಕಿಕೊಂಡು ಹುಬ್ಬಳ್ಳಿಗೆ ಹೋದ. ರೇಷನ್ ಕೊಡುವ ಕಂಟ್ರೋಲ್ ಅಂಗಡಿಯ ಜೋಳದಲ್ಲಿ ಅರ್ಧ ಮಣ್ಣು. ಅದು ನಾಲ್ಕು ಮಕ್ಕಳಿಗೆ ಸಾಲುವಂತೆ ಮಾಡಲು ತಾಯಿ ಬಾಳವ್ವ ಹುಣಸೆಬೀಜ ಹುರಿದು, ಕುಟ್ಟಿ ಕರಿ ಸಿಪ್ಪೆ ತೆಗೆದು, ಎರಡು ದಿನ ನೆನೆಹಾಕಿ, ಒಣಗಿಸಿ ಬೀಸಿ ಜೋಳದ ಹಿಟ್ಟಿಗೆ ಬೆರೆಸುತ್ತಿದ್ದಳು. ಆ ರೊಟ್ಟಿ ಉಬ್ಬುತ್ತಿರಲಿಲ್ಲ. ತಿಂದರೆ ಹೊಟ್ಟೆಯಲ್ಲಿ ಕಲ್ಲು ಇಟ್ಟಂತೆ.

ಆಮೇಲೆ ಶರಣವ್ವ ಇನ್ನೊಂದು ಮಾತು ಹೇಳಿದಳು. ಮಕ್ಕಳು ಉಣ್ಣುವಾಗ ಬಾಳವ್ವ ಬಚ್ಚಲಿಗೆ ಹೋಗಿ ಕೈ ತೊಳೆದು, ಸೆರಗಿಗೆ ಒರೆಸಿಕೊಳ್ಳುತ್ತ ಬರುತ್ತಿದ್ದಳಂತೆ. ಅವ್ವ ಈಗಷ್ಟೇ ಉಂಡಳು ಎಂದು ಮಕ್ಕಳು ತಿಳಿಯಲಿ ಎಂದು. ನಲವತ್ನಾಲ್ಕರ ಬೇಸಿಗೆಯಲ್ಲಿ ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟಳು. ಜ್ವರ ತಡೆದುಕೊಳ್ಳುವಷ್ಟು ರಕ್ತ ಮೈಯಲ್ಲಿ ಇರಲಿಲ್ಲ. ಆಗ ಶರಣವ್ವನಿಗೆ ಹತ್ತು ವರ್ಷ.

ಕೊನೆಯ ಭಾನುವಾರ ಸಂದೇಶ್ ಇಂಗ್ಲಿಷಿನ ಒಂದು ಕಾಗದ ಕೊಟ್ಟ. ಶರಣವ್ವ ಕನ್ನಡದಲ್ಲಿ ಸಹಿ ಹಾಕಿದಳು. ಸಾಕ್ಷಿಯಾಗಿ ನಾನು ಹಾಕಿದೆ, ಓದದೆ. ಈ ಸಾಲು ಬರೆಯುವಾಗ ಈಗಲೂ ನನಗೆ ನನ್ನ ಮೇಲೆಯೇ ಮೈ ಉರಿಯುತ್ತದೆ.

ಎರಡು ಸಾವಿರದ ಮಾರ್ಚ್‌ನಲ್ಲಿ ಸೈಟು ಶುರುವಾಯಿತು. ಅವರ ಆಫೀಸಿನಲ್ಲಿ ಮಧ್ಯಾಹ್ನ ದೊಡ್ಡ ಪಾರ್ಟಿ. ಶರಣವ್ವ ಇಳಕಲ್ ಸೀರೆ ಉಟ್ಟು, ಮೇಲೆ ಸ್ವೆಟರ್ ಹಾಕಿಕೊಂಡು ನನ್ನ ಕಾರಿನಲ್ಲಿ ಕೂತಳು. ಮಗಳು ಇಂದು ಆ ದಿನ ಡೇಕೇರಿಗೆ ರಜೆ ಕೊಟ್ಟು ಬಂದಿದ್ದಳು. ಅವ್ವನ ಹೆಸರು ಕಂಪ್ಯೂಟರಿನಲ್ಲಿ ಬರುತ್ತದೆ ಎಂಬ ಹಿಗ್ಗು ಅವರಿಬ್ಬರಿಗೂ.

ಗೋಡೆಯಷ್ಟಗಲದ ಪರದೆಯ ಮೇಲೆ ಒಬ್ಬ ಮುದುಕಿ ನಗುತ್ತಿದ್ದಳು. ದೊಡ್ಡ ಮೂಗುತಿ, ಬೆಳ್ಳನೆಯ ಹಲ್ಲು. ಅದು ಶರಣವ್ವ ಅಲ್ಲ, ಯಾರೋ ಜಾಹೀರಾತಿನ ಹೆಂಗಸು. ಕೆಳಗೆ ಹೆಸರು ಮಾತ್ರ ಶರಣವ್ವನದು, ಅದೂ ತಪ್ಪು ಸ್ಪೆಲಿಂಗಿನಲ್ಲಿ. ‘ಯುದ್ಧಕಾಲದ ರೊಟ್ಟಿ’ಗೆ ಜೋಳದ ಹಿಟ್ಟು, ಬಾದಾಮಿ ಪುಡಿ, ಗೋಡಂಬಿ, ಎರಡು ಚಮಚ ತುಪ್ಪ. ಅದರ ಕೆಳಗೆ, ಶರಣವ್ವನೇ ಹೇಳಿದಂತೆ, ಇಂಗ್ಲಿಷಿನಲ್ಲಿ ಒಂದು ಸಾಲು: ಆಗ ನಮ್ಮ ಹತ್ತಿರ ಏನೂ ಇರಲಿಲ್ಲ, ಆದರೆ ನಾವೆಲ್ಲ ಎಷ್ಟು ಸಂತೋಷವಾಗಿದ್ದೆವು!

“ಏನ್ ಬರದಾರ ಓದು,” ಎಂದಳು ಶರಣವ್ವ. ಇಂದು ತಡವರಿಸಿದಳು. ನಾನು ಓದಿ, ಕನ್ನಡದಲ್ಲಿ ಹೇಳಿದೆ. ಪೂರ್ತಿ ಹೇಳಿದೆ.

ಅವಳು ಸಂದೇಶನನ್ನು ಹೆಸರು ಹಿಡಿದು ಕೂಗಿದಳು. ಹಾಸ್ಟೆಲ್ಲಿನ ಇನ್ನೂರು ಹುಡುಗಿಯರನ್ನು ಊಟಕ್ಕೆ ಕರೆಯುತ್ತಿದ್ದ ಗಂಟಲು ಅದು. ಮೀಟಿಂಗು ರೂಮಿನಲ್ಲಿದ್ದವರೂ ಹೊರಗೆ ಬಂದರು.

“ಹುಣಸಿಬೀಜ ಎಲ್ಲಿ ಹೋತು? ನಮ್ಮವ್ವ ಗೋಡಂಬಿ ಕಣ್ಣಿಲೆ ಕಂಡಾಕಿ ಅಲ್ಲ.”

“ಅಜ್ಜಿ, ಬೇಜಾರು ಮಾಡ್ಕೊಳ್ಬೇಡಿ. ಇಲ್ಲಿಯವರಿಗೆ ಹುಣಸೆಬೀಜ ಎಲ್ಲಿ ಸಿಗ್ತದೆ? ಬಾದಾಮಿ ಆದ್ರೆ ಮಾಡಿ ನೋಡ್ತಾರೆ. ಸಾವಿನ ವಿಷಯ ಎಲ್ಲ ಹಾಕಿದ್ರೆ ಯಾರು ಓದ್ತಾರೆ ಹೇಳಿ? ಸ್ವಲ್ಪ ಪಾಸಿಟಿವ್ ಇರ್ಬೇಕು ಅಂತ ಎಡಿಟರು...”

“ಸಂತೋಷ ಇದ್ವಿ ಅಂತ ಯಾರ್ ಹೇಳಿದ್ರು ನಿನಗ? ನಮ್ಮವ್ವ ನಮಗ ಹಾಕಿ ತಾ ಉಪವಾಸ ಸತ್ತಾಳ. ಅದನ್ನ ನಿನ್ನ ಮುಂದ ಕುಂತು ಹೇಳೀನಿ. ನೀ ಅದನ್ನ ಅಳಿಸಿ ತುಪ್ಪ ಹಚ್ಚಿದಿ?”

ಅದೇ ಹೊತ್ತಿಗೆ ಹಿಂದೆ ಇಬ್ಬರು ಕೆಲಸದವರು ಮೇಜು ತೆರವು ಮಾಡುತ್ತಿದ್ದರು. ಅರ್ಧಕ್ಕರ್ಧ ಉಳಿದಿದ್ದ ಅನ್ನದ ಟ್ರೇಗಳನ್ನು ಎತ್ತಿ ಕರಿ ಚೀಲಕ್ಕೆ ಸುರಿಯುತ್ತಿದ್ದರು. ಶರಣವ್ವ ಹೋಗಿ ಚೀಲದ ಬಾಯಿ ಹಿಡಿದು ನಿಂತಳು. ಆ ಕೆಲಸದವರಿಗೆ ಏನೂ ಅನ್ನಲಿಲ್ಲ. ಸಂದೇಶನ ಕಡೆ ತಿರುಗಿ, “ಇದನ್ನ ಹಾಕು ನಿನ್ನ ಕಂಪ್ಯೂಟರಿನ್ಯಾಗ,” ಎಂದಳು.

“ಅವ್ವಾ, ನಡಿ ಮನಿಗೆ. ಎಲ್ಲಾರೂ ನೋಡಾಕತ್ತಾರ,” ಎಂದು ಇಂದು ಕೈ ಹಿಡಿದಳು.

“ನೋಡ್ಲಿ.”

ಟೇಪುಗಳನ್ನು ವಾಪಸ್ ಕೊಡು ಎಂದಳು. ಅವು ಕಂಪನಿಯ ಸೊತ್ತು, ಅಜ್ಜಿಯೇ ಸಹಿ ಹಾಕಿದ್ದಾರೆ ಎಂದು ಸಂದೇಶ್ ನನ್ನ ಮುಖ ನೋಡದೆ ಹೇಳಿದ. ಒಬ್ಬ ತಾಯಿ ಸತ್ತ ಕಥೆ ಕಂಪನಿಯ ಸೊತ್ತು!

ಮರುದಿನ ಶರಣವ್ವ ನನ್ನನ್ನು ಕರೆದು ಕೂರಿಸಿ ಒಂದು ಪುಟ ಬರೆಸಿದಳು. ಹುಣಸೆಬೀಜ ಎಷ್ಟು, ಜೋಳ ಎಷ್ಟು, ಎಷ್ಟು ತಿಂದರೆ ಹೊಟ್ಟೆ ಕೆಡುತ್ತದೆ, ಬಾಳವ್ವ ಹೇಗೆ ಕೈ ತೊಳೆಯುತ್ತಿದ್ದಳು, ಎಲ್ಲ. ಕೊನೆಗೆ, “ಇದನ್ನ ಯಾರೂ ಮಾಡಬ್ಯಾಡ್ರಿ. ನೆನಪು ಇಟ್ಟುಕೊಳ್ರಿ ಸಾಕು,” ಎಂದು ಬರೆಸಿ, ಕೆಳಗೆ ಮನೆಯ ಫೋನ್ ನಂಬರು ಹಾಕಿಸಿ ಸಹಿ ಹಾಕಿದಳು. ಎಲ್ ಕಮೀನೊ ರಸ್ತೆಯ ಇಂಡಿಯನ್ ಗ್ರೋಸರಿಗಳ ನೋಟೀಸು ಬೋರ್ಡುಗಳಿಗೆ ಅದರ ಜೆರಾಕ್ಸ್ ಅಂಟಿಸಿದೆವು. ವಾಲ್ನಟ್ ಕ್ರೀಕ್ ಎಂಬ ಊರಿನಿಂದ ಶೇಷಗಿರಿ ಎಂಬ ಹಿರಿಯರು ಫೋನ್ ಮಾಡಿದರು. ಏನೋ ಹೇಳಲು ಹೋಗಿ, “ನಮ್ಮಮ್ಮನೂ...” ಎಂದಷ್ಟೇ ಅಂದರು. ಶರಣವ್ವ ಬಹಳ ಹೊತ್ತು ಫೋನ್ ಇಡಲಿಲ್ಲ.

ಸೈಟಿನವರು ತಪ್ಪನ್ನು ತಿದ್ದಲಿಲ್ಲ. ಜನ ಕೇಳಲು ಶುರುಮಾಡಿದ ಮೇಲೆ ಶರಣವ್ವನ ಹೆಸರು ತೆಗೆದು, ಬಾದಾಮಿ ರೊಟ್ಟಿಯನ್ನು ಹಾಗೆಯೇ ಉಳಿಸಿಕೊಂಡರು. ಮುಂದಿನ ಚಳಿಗಾಲಕ್ಕೆ ಕಂಪನಿಯೇ ಮುಚ್ಚಿತು.

ಮುಚ್ಚಿದ ವಾರ ಸಂದೇಶ್ ಮೂರು ಟೇಪು ಹಿಡಿದು ಶರಣವ್ವನ ಬಾಗಿಲಿಗೆ ಬಂದ. ಕೆಲಸ ಹೋಗಿತ್ತು, ಮುಖ ಇಳಿದಿತ್ತು. “ಯಾರೂ ಕೇಳುವವರಿಲ್ಲ ಈಗ. ತಗೊಳ್ಳಿ, ಅಜ್ಜಿ,” ಎಂದ.

“ಇದನ್ನ ನೀ ಪೂರ್ತಿ ಕೇಳೀಯೇನು?”

ಅವನು ತಲೆ ತಗ್ಗಿಸಿದ. ಅಳತೆಗಳನ್ನು ಬರೆದುಕೊಂಡು ಉಳಿದದ್ದನ್ನು ಕೇಳದೆ ಮುಂದೆ ಓಡಿಸಿಬಿಟ್ಟಿದ್ದನಂತೆ. ಅವಳು ಹೇಳುವಾಗ ಎದುರಿಗೇ ಕೂತಿದ್ದವನು, ಕಣ್ಣು ಮಾತ್ರ ರೆಕಾರ್ಡರಿನ ದೀಪದ ಮೇಲೆ ಇತ್ತಂತೆ.

“ಹಂಗಾದ್ರ ಕುಂದ್ರು.”

ಅಡುಗೆಮನೆಯ ಮೇಜಿನ ಮೇಲೆ ಇಂದುವಿನ ಟೇಪ್ ರೆಕಾರ್ಡರ್ ಇಟ್ಟು, ಮೊದಲ ಟೇಪು ಹಾಕಿ ಗುಂಡಿ ಒತ್ತಿದಳು. ಆಗ ಬೆಳಗಿನ ಹತ್ತು ಗಂಟೆ. ಅವನ ಜೊತೆ ಕೂರಲಿಲ್ಲ. ಡೇಕೇರಿನ ಮಕ್ಕಳಿಗೆ ಬೇಳೆ ತೊಳೆಯುತ್ತ, ಅವನಿಗೆ ಬೆನ್ನು ಹಾಕಿ ನಿಂತಿದ್ದಳು. ಮೂರನೆಯ ಟೇಪು ಮುಗಿಯುವ ಹೊತ್ತಿಗೆ ಸಂದೇಶ್ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡಿದ್ದ. ಶರಣವ್ವ ತಿರುಗಿ ನೋಡಿದಳು. ಮೂರೂ ಟೇಪು ತೆಗೆದು ತನ್ನ ಟ್ರಂಕಿನಲ್ಲಿ ಇಟ್ಟು ಬಂದಳು.

“ಈಗ ಹೋಗು,” ಎಂದಳು.