ಬೀಗರೊಡನೆ ಕಡಲಿಗಿಳಿದದ್ದು

ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಬೀಗರು ಸಿದ್ರಾಮಪ್ಪನವರು ಹೊಸ ಧೋತರ ಉಟ್ಟು ನಿಂತಿದ್ದರು. ಬಸವಕಲ್ಯಾಣದಿಂದ ನಾನೂ ಹೊಸದನ್ನೇ ಉಟ್ಟು ಬಂದಿದ್ದೆ. ನನ್ನದು ಅರಿವೆ ಅಂಗಡಿ. ಹಳೆಯದು ಉಟ್ಟರೆ ಮಾನ ಹೋಗುತ್ತದೆ. ನನ್ನ ಮಗಳು ಭಾಗ್ಯಳನ್ನು ಅವರ ಮಗನಿಗೆ ಕೊಟ್ಟು ಆರು ತಿಂಗಳಾಗಿತ್ತು. ಅಳಿಯನಿಗೆ ಕುಮಟಾದಲ್ಲಿ ನೌಕರಿ. ಮಕ್ಕಳನ್ನು ನೋಡಲು ನಾವಿಬ್ಬರೇ ಹೊರಟೆವು. "ನೀವು ತಗೋರಿ", "ಇಲ್ರಿ, ಮೊದಲ ನೀವು" ಅನ್ನುತ್ತ ಹುಬ್ಬಳ್ಳಿ ಬಂದರೂ ಶೇಂಗಾ ಹೋಳಿಗೆಯ ಗಂಟು ಬಿಚ್ಚಲಿಲ್ಲ.

ಕುಮಟಾದಲ್ಲಿ ಕೂತಲ್ಲೇ ಬೆವರು. ಭಾಗ್ಯ ಮಾವನವರ ಮುಂದೆ ಸೆರಗು ಹೊದ್ದು "ಹೂಂರಿ" ಎಂಬುದರಾಚೆ ಮಾತೇ ಆಡುತ್ತಿರಲಿಲ್ಲ. ಅದು ನನಗೆ ಒಳಗೊಳಗೇ ಚುಚ್ಚಿತು.

ಮರುದಿನ ಕಡಲು ನೋಡಲೆಂದು ಅಳಿಯ ನಮ್ಮನ್ನು ಕಾಡಂಚಿನ ಚೆಕ್‌ಪೋಸ್ಟಿಗೆ ಬಿಟ್ಟು ಕೆಲಸಕ್ಕೆ ಹೋದ. ಮಧ್ಯಾಹ್ನ ಭಾಗ್ಯ ಆಟೋ ತರುವುದೆಂದಾಯಿತು. ತಲೆಗೆ ಐವತ್ತು ರೂಪಾಯಿ ಟಿಕೆಟ್. ಮುಂದೆ ಎರಡು ಕಿಲೋಮೀಟರು ಇಳಿಜಾರಿನ ಕಾಲುದಾರಿ. "ಆಮೆ ಮೊಟ್ಟೆ ಇಡೋ ಜಾಗ ಮಾರಾಯ್ರೇ, ಏನೂ ಬಿಟ್ಟು ಬರೋ ಹಾಗಿಲ್ಲ" ಎಂದ ಗಾರ್ಡ್.

ಕೆಳಗೆ ಅಂಗಡಿಯಿಲ್ಲ, ನರಪಿಳ್ಳೆಯಿಲ್ಲ. ಎರಡು ಕಪ್ಪು ಬಂಡೆಗಳ ನಡುವೆ ಮರಳು, ಆಚೆ ನೀರೇ ನೀರು. ಇಬ್ಬರೂ ಕಡಲು ಕಂಡದ್ದು ಅದೇ ಮೊದಲು.

"ಇಷ್ಟ್ ನೀರ್ ಕೊಟ್ಟು ಒಂದು ಗುಟುಕು ಕುಡ್ಯಾಕ ಬರಂಗಿಲ್ಲ ನೋಡ್ರಿ!" ಅಂದರು ಬೀಗರು.

"ಇಳೀರಿ ಬೀಗರ."

"ಏ, ಹಿರ್ಯಾರು ನೀವು. ನಿಮ್ಮ ಮುಂದ ನಾ ಹ್ಯಾಂಗ ಇಳೀಲಿ?"

"ಗಂಡಿನ ಕಡಿಯವ್ರು ನೀವ್ರಿ. ನೀವ ಮೊದಲ."

ಯಾರೊಬ್ಬರೂ ಧೋತರ ಬಿಚ್ಚಲು ತಯಾರಿಲ್ಲ. ಮರಳು ಕಾದು ಅಂಗಾಲು ಚುರುಗುಡತೊಡಗಿತು. ಇಬ್ಬರೂ ಹಾಗೇ ನೀರಂಚಿಗೆ ಸರಿದು, ಅಲ್ಲೂ "ನೀವು, ನೀವು" ಅನ್ನುತ್ತಿರುವಾಗ ಒಂದು ತೆರೆ ಬಂದು ಇಬ್ಬರನ್ನೂ ಕೆಡವಿತು.

ಬಾಯಲ್ಲಿನ ಮರಳು ಉಗುಳಿ ನೋಡಿದರೆ ಬೀಗರು ಪಟ್ಟಾಪಟ್ಟಿ ಚಡ್ಡಿಯಲ್ಲಿ ನಿಂತಿದ್ದಾರೆ. ಧೋತರ ಅಷ್ಟು ದೂರದಲ್ಲಿ ಬಾತುಕೋಳಿಯ ಹಾಗೆ ತೇಲಿ, ಮುಳುಗಿಯೇ ಹೋಯಿತು.

"ಹೋಗ್ಲಿ ಬಿಡ್ರಿ, ಜೀವ ಉಳೀತು" ಅಂದೆ.

"ಏನ್ ಹೋಗ್ಲಿರಿ? ಸೊಸಿ ಮುಂದ ಚಡ್ಡಿ ಮ್ಯಾಲ ನಿಂದ್ರಲೇನು?" ಅಂದರು ಬೀಗರು.

ನಾನು ನನ್ನ ಧೋತರ ಬಿಚ್ಚಿ, ಅಂಚಿಗೆ ಹಲ್ಲು ಕೊಟ್ಟು, ಪರ್ರನೆ ನಡುಮಧ್ಯ ಹರಿದೆ.

"ಬ್ಯಾಡ್ರಿ, ಹೊಸಾದದ!" ಎಂದು ಕೈ ಹಿಡಿಯಲು ಬಂದವರು ಅಲ್ಲೇ ನಿಂತರು. ಈಗ ಇಬ್ಬರೂ ಚಡ್ಡಿಯಲ್ಲೇ. ಒಬ್ಬರನ್ನೊಬ್ಬರು ನೋಡಿದೆವು.

"ಇನ್ನೇನ್ ಉಳೀತ್ರಿ ಬೀಗರ, ನಡೀರಿ" ಎಂದು ಅವರೇ ನನ್ನ ರಟ್ಟೆ ಹಿಡಿದು ನೀರಿಗೆಳೆದರು. ಮಧ್ಯಾಹ್ನದ ತನಕ ಎಮ್ಮೆಗಳ ಹಾಗೆ ಬಿದ್ದುಕೊಂಡೆವು.

ಅರ್ಧರ್ಧ ಸುತ್ತಿಕೊಂಡು ದಿಬ್ಬ ಹತ್ತಿದೆವು. ಗಾರ್ಡ್ ಅನುಮಾನದಿಂದ ನೋಡಿದ. "ಹೋಗುವಾಗ ಎರಡು ಧೋತ್ರ, ಈಗ್ಲೂ ಎರಡ" ಎಂದರು ಬೀಗರು. ಆಟೋದ ಪಕ್ಕದಲ್ಲಿದ್ದ ಭಾಗ್ಯ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನಿಮ್ಮಪ್ಪನ ಅಂಗಡ್ಯಾಗ ಅರಿವಿ ಹಿಂಗ ಅರ್ಧರ್ಧ ಕೊಡ್ತಾರ ನೋಡವಾ!"

ಸೆರಗಿನೊಳಗಿಂದ ಮಗಳು ಹೇಳಿದಳು: "ಪೂರಾ ಬೇಕಂದ್ರ ರೊಕ್ಕ ಕೊಡಬೇಕಾಗ್ತದ್ರಿ ಮಾವಾರ."

ಬೀಗರು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನಕ್ಕ ರಭಸಕ್ಕೆ ಸೊಂಟದ ಗಂಟು ಸಡಿಲಾಯಿತು. ನಾನು ಹಿಂದಿನಿಂದ ಅದನ್ನು ಗಟ್ಟಿಯಾಗಿ ಹಿಡಿದುಕೊಂಡೇ ಅವರನ್ನು ಆಟೋ ಹತ್ತಿಸಿದೆ.