ಲವಂಗ ಚುಚ್ಚಿದ ನಿಂಬೆಹಣ್ಣು

ಇದನ್ನು ಹೇಳಬೇಕು ಅಂತ ಎಷ್ಟೋ ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ಮೊಣಕಾಲಿನ ಆಪರೇಷನ್ ಆಗಲಿ, ಮಗಳ ಬಾಣಂತನ ಮುಗಿಯಲಿ, ಹಬ್ಬ ಕಳೆಯಲಿ ಅಂತ ಒಂದಲ್ಲ ಒಂದು ನೆವ ಹೇಳಿ ಮುಂದೂಡಿದೆ. ಈಗ ನೆವಗಳೂ ಮುಗಿದಿವೆ.

ಯಲಹಂಕದಲ್ಲಿ ನಮ್ಮ ಮನೆಯ ಹಿಂದೆ ಒಂದು ಸಣ್ಣ ಕೈತೋಟ. ಫ್ಯಾಕ್ಟರಿಯಿಂದ ರಿಟೈರ್ ಆದ ಮೇಲೆ ನನ್ನ ಹೊತ್ತೆಲ್ಲ ಅಲ್ಲೇ ಹೋಗುತ್ತಿತ್ತು. ಹಾಗಲ ಚಪ್ಪರ, ಒಂದು ಸೀಬೆ ಗಿಡ, ನನ್ನ ಹೆಂಡತಿ ಹಾಕಿದ ಕನಕಾಂಬರ. ಏರ್‌ಪೋರ್ಟ್ ರಸ್ತೆಗೆ ಮೇಲ್ಸೇತುವೆ ಕಟ್ಟುತ್ತಿದ್ದ ಕಾಲ ಅದು. ಆ ಬೇಸಿಗೆಯಲ್ಲಿ ಕಣಜದ ಹುಳಗಳು ಬಂದು ಕಿಟಕಿಯ ಸಜ್ಜದ ಕೆಳಗೆ ಬೂದು ಕಾಗದದಂಥ ಗೂಡು ಕಟ್ಟಿದವು. ಹಾಗಲಕಾಯಿ ಕೀಳಲು ಹೋದ ಹೆಂಡತಿಯ ಕೈಗೆ ಕಚ್ಚಿದಾಗ, ಬಳೆ ಒಡೆದು ತೆಗೆಯಬೇಕಾಗುವಷ್ಟು ಊದಿಕೊಂಡಿತು.

ತಿನ್ನುವ ತರಕಾರಿಗೆ ವಿಷ ಹೊಡೆಯಲು ಮನಸ್ಸಾಗಲಿಲ್ಲ. ಬೇವಿನ ಸೊಪ್ಪಿನ ಹೊಗೆ ಹಾಕಿ ಗೂಡು ಬೀಳಿಸಿದೆ. ವಾರದೊಳಗೆ ಇನ್ನೊಂದು ಮೂಲೆಯಲ್ಲಿ ಕಟ್ಟಿದವು. ಪ್ಲಾಸ್ಟಿಕ್ ಬಾಟಲಿಯ ಕತ್ತು ಕೊಯ್ದು, ಅದನ್ನೇ ತಲೆಕೆಳಗಾಗಿ ಸಿಕ್ಕಿಸಿ, ಒಳಗೆ ಬೆಲ್ಲದ ನೀರು ಹಾಕಿ ತೂಗುಹಾಕಿದೆ. ಒಂದೆರಡು ಬಿದ್ದವು, ಇಪ್ಪತ್ತು ಹೊಸದಾಗಿ ಬಂದವು. "ಊರ ಹುಳಕ್ಕೆಲ್ಲ ಪಾನಕ ಹಂಚ್ತಾ ಇದೀರ" ಅಂತ ಹೆಂಡತಿ ನಕ್ಕಳು.

ಜಕ್ಕೂರಿನಲ್ಲಿ ತೋಟ ಮಾಡಿಕೊಂಡಿದ್ದ ಹಳೆಯ ಸಹೋದ್ಯೋಗಿಯೊಬ್ಬ ಎರಡು ಉಪಾಯ ಹೇಳಿದ. ಲವಂಗದ ವಾಸನೆ ಕಣಜಕ್ಕೆ ಆಗದು, ನಿಂಬೆಹಣ್ಣು ಹೋಳು ಮಾಡಿ ಲವಂಗ ಚುಚ್ಚಿ ಅಲ್ಲಲ್ಲಿ ಇಡು. ಇನ್ನೊಂದು, ಹುಳು ಒಂದು ಗೂಡು ಕಂಡರೆ ಅದರ ಹತ್ತಿರ ಇನ್ನೊಂದು ಕಟ್ಟದು, ಆದ್ದರಿಂದ ಸುಳ್ಳು ಗೂಡು ಮಾಡಿ ನೇತುಹಾಕು. ಹಳೇ ಛತ್ರಿಯ ಕರೀ ಬಟ್ಟೆಯೊಳಗೆ ತೆಂಗಿನ ನಾರು ತುಂಬಿ, ದಾರ ಬಿಗಿದು, ಗುಂಡಗೆ ಮಾಡಿದೆ. ಪಕ್ಕದ ಮನೆಯವರ ನುಗ್ಗೆ ಕೊಂಬೆ ನಮ್ಮ ಚಪ್ಪರದ ಮೇಲೆ ಬಾಗಿತ್ತು, ಅದಕ್ಕೇ ಕಟ್ಟಿದೆ. ನಿಂಬೆ ಹೋಳುಗಳನ್ನು ಎರಡೂ ಮನೆಗೆ ಸೇರಿದ ಕಾಂಪೌಂಡ್ ಗೋಡೆಯ ಮೇಲೆ ಸಾಲಾಗಿ ಇಟ್ಟೆ. ಅವತ್ತು ಅಮಾವಾಸ್ಯೆ. ನಾನು ಕ್ಯಾಲೆಂಡರ್ ನೋಡಿರಲಿಲ್ಲ.

ಪಕ್ಕದ ಮನೆಯವರು ಆ ಊರಿನ ಹಳಬರು. ಯಜಮಾನಿ ನಮಗೆ ಬೇಕಾದವರು. ನಮ್ಮ ಮಗಳಿಗೆ ಒಂದು ಸಂಬಂಧ ತಂದಿದ್ದೇ ಅವರು, ಗಂಡಿನವರು ಆ ಭಾನುವಾರ ಬರುವವರಿದ್ದರು. ಅವರ ಹಿತ್ತಲ ಮನೆಯಲ್ಲಿ ಗದಗದ ಕಡೆಯ ಗಂಡಹೆಂಡತಿ ಬಾಡಿಗೆಗಿದ್ದರು. ಮಕ್ಕಳಾಗಿರಲಿಲ್ಲ. ಆಕೆ ನನ್ನನ್ನು ಕಾಕಾ, ನನ್ನವಳನ್ನು ಕಾಕು ಅನ್ನುತ್ತಿದ್ದಳು. ಆ ಗೋಡೆಯ ಮೇಲಿಂದ ದಿನವೂ ಅತ್ತಿಂದ ರೊಟ್ಟಿ, ಇತ್ತಿಂದ ಸೊಪ್ಪು, ಎರಡೂ ಕಡೆಯಿಂದ ಮಾತು ದಾಟುತ್ತಿದ್ದವು.

ನಾನು ಗೋಡೆಯ ಮೇಲೆ ನಿಂಬೆ ಇಡುವಾಗ ಪಕ್ಕದ ಮನೆಯವರೆಲ್ಲ ಆಸ್ಪತ್ರೆಯಲ್ಲಿದ್ದರು. ಬಸುರಿ ಸೊಸೆಗೆ ನೋವು ಬಂದಿತ್ತು. ಗರ್ಭ ನಿಲ್ಲಲಿಲ್ಲ. ಮಾರನೆಯ ದಿನ ಯಜಮಾನಿ ಹಿತ್ತಲಿಗೆ ಬಂದವರು ಗೋಡೆ ನೋಡಿದರು, ಕೊಂಬೆ ನೋಡಿದರು.

ಕೂಗು ಕೇಳಿ ನಾವಿಬ್ಬರೂ ಹಿಂಬಾಗಿಲಿಗೆ ಬಂದೆವು. ಅಷ್ಟರಲ್ಲಿ ಅಕ್ಕಪಕ್ಕದವರು ಸೇರಿದ್ದರು.

"ಲವಂಗ ಚುಚ್ಚಿರೋ ನಿಂಬೆಹಣ್ಣು, ಕರೀ ಗಂಟು, ಅದೂ ಅಮಾಸೆ ದಿನ. ತನಗಿಲ್ಲ ಅಂತ ನನ್ ಸೊಸೆ ಒಡಲಿಗೆ ಮಾಟ ಮಾಡವ್ಳೆ ನೋಡ್ರವ್ವ" ಅಂತ ಯಜಮಾನಿ ಅಳುತ್ತ ಹೇಳುತ್ತಿದ್ದರು.

ಬಾಡಿಗೆಯಾಕೆ ಬಾಗಿಲಿಗೆ ಒರಗಿ ನಿಂತಿದ್ದಳು. ತಾನು ಇಟ್ಟಿಲ್ಲ, ತನಗೆ ಗೊತ್ತೇ ಇಲ್ಲ ಅಂದರೆ ಯಾರೂ ಕೇಳಲಿಲ್ಲ. ಆಮೇಲೆ ಗೋಡೆಯ ಈಚೆ ನಮ್ಮ ಕಡೆ ನೋಡಿದಳು.

"ಕಾಕು, ನೀವರ ಹೇಳ್ರಿ."

ನನ್ನ ಹೆಂಡತಿ ಮುಂದೆ ಹೆಜ್ಜೆ ಇಟ್ಟಳು. ಹೇಳುವವಳೇ ಇದ್ದಳು. ನಾನು ಹಿಂದಿನಿಂದ ಅವಳ ಸೆರಗು ಹಿಡಿದು ಎಳೆದೆ.

"ನಮ್ಮ ಮೇಲೆ ಬರುತ್ತೆ. ಭಾನುವಾರ ಅವರು ಬರ್ತಾರೆ. ಸುಮ್ನಿರು."

ಕಣಜಕ್ಕೆ ಅಂತ ಇಟ್ಟೆ ಎಂದರೆ ಯಾರು ನಂಬುತ್ತಾರೆ, ಮಾಟಗಾರನ ಮಗಳನ್ನು ಯಾರು ತಂದುಕೊಳ್ಳುತ್ತಾರೆ, ಇದೊಂದೇ ತಲೆಯಲ್ಲಿತ್ತು. ಹೆಂಡತಿ ನನ್ನ ಮುಖ ನೋಡಿದಳು, ಆಮೇಲೆ ನೆಲ ನೋಡಿದಳು. ಬಾಡಿಗೆಯಾಕೆ ಇನ್ನೂ ಕಾಯುತ್ತಲೇ ಇದ್ದಳು.

ಯಾರೋ ಗೋಡೆಗೆ ಗೋಮೂತ್ರ ಚಿಮುಕಿಸಿದರು. ಆ ವಾರವೇ ಬಾಡಿಗೆಯವರು ಸಾಮಾನು ಟೆಂಪೋಗೆ ಹೇರಿಕೊಂಡು ಹೋದರು. ಹೋಗುವಾಗ ಆಕೆ ನಮ್ಮ ಮನೆಯ ಕಡೆ ತಿರುಗಲಿಲ್ಲ. ಹೋಗಿ ನಿಜ ಹೇಳೋಣ ಅಂತ ಹೆಂಡತಿ ಕೇಳಿದಳು. ಮದುವೆ ಮುಗಿಯಲಿ ಅಂದೆ. ಮದುವೆ ಆಯಿತು, ಬಾಡಿಗೆಯವರು ಎಲ್ಲಿದ್ದಾರೆ ಅಂತ ಆಗ ತಿಳಿಯಲಿಲ್ಲ. ನಾನು ಹುಡುಕಲೂ ಇಲ್ಲ. ಹೆಂಡತಿ ಹಿತ್ತಲಿಗೆ ಹೋಗುವುದನ್ನು ಬಿಟ್ಟಳು. ಕನಕಾಂಬರಕ್ಕೆ ನಾನೇ ನೀರು ಹಾಕುತ್ತಿದ್ದೆ.

ಕೆಲವು ವರ್ಷ ಕಳೆದು ತಣಿಸಂದ್ರದಲ್ಲಿ ಯಾರನ್ನೋ ನೋಡಲು ಹೋದಾಗ, ಒಂದು ಜೋಳದ ರೊಟ್ಟಿ ಅಂಗಡಿಯಲ್ಲಿ ಆಕೆ ಕಂಡಳು. ಹಿಂದಕ್ಕೆ ಹೋಗಿಬಿಡೋಣ ಅನ್ನಿಸಿತು. ಆಕೆ ನೋಡಿಬಿಟ್ಟಿದ್ದಳು. ಒಲೆಯ ಪಕ್ಕ ನಿಂತೇ ಎಲ್ಲ ಹೇಳಿದೆ. ಹುಳ, ಲವಂಗ, ಛತ್ರಿಯ ಬಟ್ಟೆ. ತಪ್ಪಾಯಿತಮ್ಮಾ ಅಂದೆ. ಆಕೆ ರೊಟ್ಟಿ ಮಗುಚಿದಳು.

"ನಿಮ್ಮ ಮ್ಯಾಲ ನಂಗ ಸಿಟ್ಟಿಲ್ರಿ ಕಾಕಾ. ನೀವು ಗಂಡಸರು, ಅಂಜಿದ್ರಿ. ಆದ್ರ ಕಾಕುಗ ಗೊತ್ತಿತ್ತಲ್ಲ. ಗೊತ್ತಿದ್ದೂ ನೆಲ ನೋಡಿದ್ರು. ಅದನ್ನ ಮರೆಯಾಕ ಆಗವಲ್ದು."

ಹೆಂಡತಿಯ ಸೆರಗು ಹಿಡಿದು ಎಳೆದವನು ನಾನು ಅಂತ ಹೇಳಲು ಅದೇ ಸಮಯ. ಗಿರಾಕಿ ಬಂದರು. ನಾನು ಹೊರಟು ಬಂದೆ.

ಮನೆಯಲ್ಲಿ ಹೆಂಡತಿ ಅವರೆಕಾಯಿ ಸುಲಿಯುತ್ತಿದ್ದಳು, ಯಾಕೆ ಮುಖ ಹಾಗಿದೆ ಅಂದಳು. ಬಿಸಿಲು ಅಂದೆ. ಬಾಡಿಗೆಯಾಕೆ ಸಿಕ್ಕಿದ್ದನ್ನೂ ಹೇಳಲಿಲ್ಲ, ತಪ್ಪು ಅವಳ ತಲೆಗೆ ಬಂದು ಕೂತಿರುವುದನ್ನೂ ಹೇಳಲಿಲ್ಲ. ಮುಂದಿನ ಚಳಿಗಾಲದಲ್ಲಿ ಅವಳು ತೀರಿಕೊಂಡಳು.

ಆಮೇಲೆ ತಣಿಸಂದ್ರಕ್ಕೆ ಮತ್ತೆ ಹೋಗಿ ಅವಳು ಹೋದ ಸುದ್ದಿಯನ್ನೂ, ಉಳಿದ ಮಾತನ್ನೂ ಹೇಳಿದೆ. ಆಕೆ ಬಹಳ ಹೊತ್ತು ಅತ್ತಳು. "ಈಗ ಹೇಳ್ತೀರೇನ್ರಿ" ಅಂದಳು, ಅಷ್ಟೇ.

ಆಕೆಯ ಹತ್ತಿರ ತಡವಾಗಿಯಾದರೂ ಕ್ಷಮೆ ಕೇಳಿಕೊಂಡೆ. ಒಂದೇ ಸೂರಿನಡಿ ಅಷ್ಟು ವರ್ಷ ಇದ್ದೂ, ದಿನವೂ ಎದುರಿಗೆ ಕೂತು ಉಂಡೂ, ನಾನು ಒಮ್ಮೆಯೂ ತಪ್ಪಾಯಿತು ಅನ್ನದೆ ಕಳಿಸಿಕೊಟ್ಟವಳು ನನ್ನ ಹೆಂಡತಿ.